ಇಂಪಾದ ಕಥೆಯೂ ಸತ್ಯವೂ

ಕೇಳುವವರ ಮನಸ್ಸನ್ನು ಒಳ್ಳೇದಕ್ಕೆ ತಿರುಗಿಸುವ ಕಥೆಯು ಪೂರ್ಣವಾಗಿ ನಿಜವಲ್ಲದಿದ್ದರೂ ಅದನ್ನು ಹೇಳಬಹುದೋ? ಪ್ರಿಯ ವಾಚಕರೇ, ಜಪಾನ್ ದೇಶದ ಒಂದು ಚಿಕ್ಕ ರೈಲು ಸ್ಟೇಶನಿನ ದೆಸೆಯಿಂದ ಈ ಪ್ರಶ್ನೆಯು ನಮ್ಮಲ್ಲಿ ಹುಟ್ಟಿತು.

ಆ ದೇಶದ ಉತ್ತರ ದಿಕ್ಕಿನಲ್ಲಿ ಹೊಕ್ಕೈಡೊ ಎಂಬ ಹಿಮ ಬೀಳುವ ದೊಡ್ಡ ದ್ವೀಪವುಂಟು. ಅಲ್ಲಿಯ ಸೆಕಿಹೊಕು ಎಂಬ ರೈಲು ಮಾರ್ಗವು 234 ಕಿಲೋಮೀಟರ್ ಉದ್ದವಾಗಿದೆ. ಈ ಮಾರ್ಗದಲ್ಲಿ, ಎಂಗಾರು ಎಂಬ ಊರಿನ ಸೀಮೆಯೊಳಗೆ, ಕ್ಯೂ-ಶಿರಾತಾಕಿ ಅಂದರೆ ಹಳೇ ಶಿರಾತಾಕಿ ಎಂಬ ಸ್ಟೇಶನು 1947ನೇ ಇಸವಿಯಲ್ಲಿ ಆರಂಭವಾಯಿತು. 1987ರಲ್ಲಿ ಸರಕಾರದ ರೈಲ್ವೆಯನ್ನು ಹಲವು ಕಂಪೆನಿಗಳಾಗಿ ವಿಭಾಗಿಸಿದಾಗ ಇದು ಹೊಕ್ಕೈಡೊ ಕಂಪೆನಿಯ ಪಾಲಿಗೆ ಬಂತು. ವರುಷಗಳು ಕಳೆದ ಹಾಗೆ ಆ ಸೀಮೆಯ ಜನರು ಕಡಿಮೆಯಾದರು. ಕಡೆಗೆ ಇಲ್ಲಿಂದ ದಿನಾಲೂ ಬಂಡಿ ಹತ್ತುವವಳು ಹೈಸ್ಕೂಲಿಗೆ ಹೋಗುವ ಒಬ್ಬ ಹುಡುಗಿ ಮಾತ್ರವೇ ಎಂಬ ಸ್ಥಿತಿಯಾಯಿತು.

2016ನೇ ಜನವರಿಯಲ್ಲಿ ಒಂದು ಕಥೆಯು ಲೋಕವೆಲ್ಲಾ ಹಬ್ಬಿತು. ಅದೇನಂದರೆ, ಕಂಪೆನಿಯವರು ಸ್ಟೇಶನನ್ನು ಮುಚ್ಚಬೇಕೆಂದಿದ್ದಾಗ ಆ ಒಬ್ಬ ಹುಡುಗಿಯನ್ನು ಕಂಡು, ಅವಳ ಓದು ಮುಗಿಯುವ ತನಕ ಅದನ್ನು ತೆರೆದಿಡಲು ನಿಶ್ಚಯಿಸಿದರು. ಅವಳನ್ನು ಕರೆದೊಯ್ಯಲು ಒಂದು ಬಂಡಿ, ತಿರಿಗಿ ತರಲು ಒಂದು ಬಂಡಿ, ಹೀಗೆ ಎರಡೇ ಬಂಡಿಗಳು ಅಲ್ಲಿ ನಿಲ್ಲುತ್ತವೆ ಎಂಬದೇ. ನಾವೂ ಇದನ್ನು ನಂಬಿ ಒಂದು ಕೂಟದಲ್ಲಿ ಹೇಳಿದೆವು. ಒಬ್ಬ ವೃದ್ಧ ತಾಯಿಯು ಸೆರಗಿನಿಂದ ಕಣ್ಣೊರಸಿಕೊಂಡಳು. ನಮಗೆ ಸಂತೋಷವಾಯಿತು.

ತರುವಾಯ ನಿಜ ಸಂಗತಿ ತಿಳಿಯಿತು. ಕಥೆಯಲ್ಲಿ ಹೇಳಿದ್ದು ಕಾಮಿ-ಶಿರಾತಾಕಿ ಎಂಬ ಬೇರೆ ಸ್ಟೇಶನಿನ ಹೆಸರು. ಎಂಗಾರು ಕಡೆಗೆ ಹೋಗುವ ಬಂಡಿ ದಿನಕ್ಕೆ 1 ಇದ್ದದ್ದು ನಿಜವಾದರೂ ಹಿಂದಿರುಗುವ ಬಂಡಿಗಳು 3 ಇದ್ದವು. ಆ ಬಂಡಿಯಲ್ಲಿ ಬೇರೆ ವಿದ್ಯಾರ್ಥಿಗಳೂ ಹೋಗುತ್ತಿದ್ದರು. 2016ನೇ ಮಾರ್ಚ್ 26ರಂದು ವೇಳಾಪಟ್ಟಿಯು ಬದಲಾದಾಗ ಕಾಮಿ, ಕ್ಯೂ, ಶಿಮೊ ಎಂಬ ಮೂರು ಶಿರಾತಾಕಿಗಳೂ ಒಟ್ಟಿಗೇ ಮುಚ್ಚಲ್ಪಟ್ಟವು. ಕಾರಣ, ಪ್ರಯಾಣಿಕರ ಕೊರತೆ. ಅವಳ ಓದು ಮುಗಿದದ್ದೂ ಅದೇ ತಿಂಗಳಲ್ಲಿ. ಅವಳಿಗೋಸ್ಕರವೇ ತೆರೆದಿಟ್ಟಿದ್ದರೆ, ಅವಳು ಹತ್ತದ ಉಳಿದೆರಡು ಸ್ಟೇಶನುಗಳು ಅದೇ ದಿವಸದ ವರೆಗೆ ಯಾಕೆ ಉಳಿದವು?

ಕಥೆಯಿಂದ ದಯೆ ಹುಟ್ಟುವದಾದರೆ ಹಾನಿಯೇನು ಎಂದು ಕೆಲವರು ಕೇಳುವರು. ಹಾನಿಯುಂಟು. ನೆರೆಯವನೊಬ್ಬನು ವಿಧವೆಗೆ ಒಂದು ಸೇರು ಅಕ್ಕಿ ಕೊಟ್ಟನೆನ್ನೋಣ. ನಾವು ಅದನ್ನು ಒಂದು ಮೂಟೆ ಎಂದು ಹೇಳುತ್ತಾ ಹೋದರೆ, ಮತ್ತೊಬ್ಬ ಬಡವನು ಮೂಟೆಯ ಆಶೆಯಿಂದ ಅವನ ಬಾಗಿಲಿಗೆ ಹೋಗಿ, ಸೇರನ್ನು ಕಂಡು, ಜಿಪುಣನೆಂದು ಬೈದು ಬರುವನು. ನಮ್ಮ ಹೊಗಳಿಕೆಯೇ ಅವನಿಗೆ ನಿಂದೆಯಾಯಿತು. ಹಾಗೆಯೇ ಆ ಕಂಪೆನಿಯು ಅದೇ ವರುಷದ ನವೆಂಬರಿನಲ್ಲಿ, ತನ್ನ ಮಾರ್ಗಗಳಲ್ಲಿ ಹೆಚ್ಚು ಕಡಿಮೆ ಅರ್ಧವನ್ನು ತಾನೊಂದೇ ನಡಿಸಲಾರೆನೆಂದು ತಿಳಿಸಿತು. ಕಥೆಯನ್ನು ನಂಬಿದವರಿಗೆ ಇದು ಕಠಿಣ ಹೃದಯವೆಂದು ತೋಚೀತು. ನಿಜವನ್ನು ಬಲ್ಲವರಿಗೆ, ಕೈಸಾಲದವನ ಸಂಕಟವೆಂದು ತಿಳಿಯುವದು.

ಇನ್ನೊಂದು ಹಾನಿ ನಮ್ಮೊಳಗೇ ಆಗುತ್ತದೆ. ಅಪೂರ್ವವಾದ ದಯೆಯ ಕಥೆಗಳಿಗೇ ಕಿವಿ ರೂಢಿಯಾದರೆ ದಿನದಿನದ ಸಾಧಾರಣ ನಂಬಿಗಸ್ತಿಕೆಯು ನಮ್ಮ ಕಣ್ಣಿಗೆ ಅಲ್ಪವಾಗುವದು.

ಆದಕಾರಣ ನಾವು ಆ ತಾಯಿಯ ಮನೆಗೆ ಹೋಗಿ, “ಅಮ್ಮಾ, ಅಂದು ನಾವು ಹೇಳಿದ ಮಾತು ಸರಿಯಲ್ಲ” ಎಂದು ಎಲ್ಲವನ್ನೂ ತಿಳಿಸಿದೆವು. ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಪದೇಶಿಗಳೇ, ಬಂಡಿ ಬಂದು ನಿಂತದ್ದಾದರೂ ನಿಜವಷ್ಟೆ?” ಎಂದು ಕೇಳಿದಳು.

ನಿಜವೇ. ಬಂಡಿಯನ್ನು ನಡಿಸಿದವನು ತನ್ನ ಕೆಲಸವನ್ನು ಮಾಡಿದನು. ಹುಡುಗಿಯು ಮುಂಜಾನೆ ಎದ್ದು ಹೋಗಿ ತನ್ನ ಓದನ್ನು ಮುಗಿಸಿದಳು. ಯಾರೂ ಯಾರಿಗೂ ಮಹೋಪಕಾರ ಮಾಡುತ್ತೇವೆಂದು ಎಣಿಸಲಿಲ್ಲ. 69 ವರುಷ ಆ ಸ್ಟೇಶನು ಹೀಗೆಯೇ ಜನರಿಗೆ ಉಪಯೋಗವಾಯಿತು. ಕಡೇ ದಿವಸ ಊರಿನವರು ಕೂಡಿಬಂದು ಅದಕ್ಕೆ ಉಪಕಾರ ಹೇಳಿದರು.

ಪ್ರಿಯರೇ, ಒಳ್ಳೇದಕ್ಕೆ ಸುಳ್ಳಿನ ಆಸರೆ ಬೇಕಾಗಿಲ್ಲ. ಕೇಳಿದ ಮಾತು ಎಷ್ಟು ಇಂಪಾಗಿದ್ದರೂ ಮತ್ತೊಬ್ಬರಿಗೆ ಹೇಳುವ ಮೊದಲು ವಿಚಾರಿಸೋಣ. ತಪ್ಪಿ ಹೇಳಿದ್ದಾದರೆ, ಹೇಳಿದ ಬಾಗಿಲಿಗೇ ತಿರಿಗಿ ಹೋಗಿ ಸರಿಪಡಿಸೋಣ. ನಾಚಿಕೆಯಾಗುವದು ನಿಜ, ಆದರೂ ನಮ್ಮ ಮುಂದಿನ ಮಾತನ್ನು ಜನರು ನಂಬುವದು ಅದರಿಂದಲೇ.