ಕುಲಮದವೂ ಮುಧೋಳದ ನಾಯಿಯೂ

ಹೊಸಬಾಳೆಯ ಕಡೆಯ ಶ್ರಾವಕರೊಬ್ಬರು ಕಳೆದ ಚಾತುರ್ಮಾಸದಲ್ಲಿ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರು ಪಂಚಾಣುವ್ರತಧಾರಿಗಳು, ಅಷ್ಟಮಿ, ಚತುರ್ದಶಿಗಳಂದು ಉಪವಾಸ ಮಾಡುವವರು. ಅಡಕೆಗೆ ಎಲೆಚುಕ್ಕೆ ರೋಗ ತಗುಲಿದ ಮೇಲೆ ಬೇರೊಂದು ಆದಾಯ ಬೇಕೆಂದು ಅವರ ಮಗನು ಮುಧೋಳದಿಂದ ಒಂದು ಜೊತೆ ನಾಯಿಗಳನ್ನು ತಂದು, ಮರಿ ಮಾಡಿಸಿ ಮಾರುವ ಉದ್ಯೋಗವನ್ನು ಯೋಚಿಸಿದ್ದಾನೆ. ತಂದೆ ಒಪ್ಪಿದರೆ ವ್ರತಕ್ಕೆ ದೋಷ ಬರುವುದೇ? ಒಪ್ಪದಿದ್ದರೆ ಮಗನ ಜೀವನೋಪಾಯಕ್ಕೆ ಅಡ್ಡ ಬಂದಂತಾಗುವುದೇ? ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಬಲ್ಲ ನಮ್ಮ ವಾಚಕರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಬೇಕಾಗಿಲ್ಲ.

ಮುಧೋಳವು ನಮಗೆ ಪರಕೀಯವಾದ ಊರಲ್ಲ. ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದ, ಬಳೆಗಾರರ ಮನೆತನದ ಕವಿ ರನ್ನನ ಊರು ಅದು. ಆದರೆ ಇಂದು ಆ ಹೆಸರನ್ನು ಕೇಳಿದೊಡನೆ ಜನರಿಗೆ ನೆನಪಾಗುವುದು ನಾಯಿ. ಸಣ್ಣ ನಡು, ಉದ್ದ ಕಾಲು, ನೀಳ ಮುಖದ ಈ ತಳಿಯು ದೂರದ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗುವಂಥದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಪೋಷಿಸಿದರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು; 2016ರಲ್ಲಿ ಸೇನೆಯು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಈ ತಳಿಗೆಂದೇ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವೊಂದಿದೆ. ಸುತ್ತಣ ಹಳ್ಳಿಗಳ ಅನೇಕ ಬಡ ಸಂಸಾರಗಳಿಗೆ ಮರಿಗಳ ಮಾರಾಟವೇ ಒಂದು ಆಸರೆ. ಆದುದರಿಂದ ಇದನ್ನು ಕೇವಲ ಸಿರಿವಂತರ ಶೋಕಿಯೆಂದು ತಳ್ಳಿಹಾಕಿದರೆ ನ್ಯಾಯವಾಗದು.

ನಾಯಿಯನ್ನು ಕೊಂಡಾಡುವುದೂ ಕನ್ನಡ ನಾಡಿಗೆ ಹೊಸತಲ್ಲ. ಹತ್ತನೆಯ ಶತಮಾನದ ಮಧ್ಯಭಾಗದ ಆತಕೂರಿನ ಶಾಸನವನ್ನು ಅನೇಕರು ಬಲ್ಲರು. ಮಣಲೇರನೆಂಬ ವೀರನು ಒಡೆಯನಿಂದ ಬೇಡಿ ಪಡೆದ ಕಾಳಿಯೆಂಬ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಗೂ ಒಂದು ಜೀವವಿತ್ತೆಂಬ ಮಾತು ಮಾತ್ರ ಆ ಕಲ್ಲಿನಲ್ಲಿಲ್ಲ.

ನಮ್ಮ ಪುರಾಣಗಳು ನಾಯಿಯನ್ನು ನೋಡಿದ ಬಗೆ ಬೇರೆ. ಸಾಯುತ್ತ ಬಿದ್ದಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರವನ್ನು ಹೇಳಿದನು. ಅದು ಸುದರ್ಶನ ಯಕ್ಷನಾಗಿ ಹುಟ್ಟಿತು. ಅದು ಯಾವ ತಳಿಯ ನಾಯಿಯೆಂದು ಜೀವಂಧರನು ವಿಚಾರಿಸಲಿಲ್ಲ. ಜನ್ನನ ಯಶೋಧರ ಚರಿತೆಯಲ್ಲಿ ರಾಜಮಾತೆ ಚಂದ್ರಮತಿಯೇ ನಾಯಿಯಾಗಿ ಹುಟ್ಟಿ ಮೊಮ್ಮಗನ ಅರಮನೆಯನ್ನು ಸೇರುತ್ತಾಳೆ. ಅಲ್ಲಿ ನವಿಲಾಗಿರುವ ತನ್ನ ಮಗನನ್ನೇ ಕಚ್ಚುತ್ತಾಳೆ. ಆ ನಾಯಿಗೆ ವಂಶಾವಳಿಯ ಪತ್ರವೊಂದನ್ನು ಬರೆಯುವುದಾದರೆ ಏನೆಂದು ಬರೆಯಬೇಕು?

ಸಮಂತಭದ್ರ ಸ್ವಾಮಿಗಳ ರತ್ನಕರಂಡಕ ಶ್ರಾವಕಾಚಾರವನ್ನು ಓದಿದವರು ಒಂದು ಕ್ರಮವನ್ನು ಗಮನಿಸಿರಬಹುದು. ಅಲ್ಲಿ ಜ್ಞಾನ, ಪೂಜೆ, ಕುಲ, ಜಾತಿ ಮೊದಲಾದ ಎಂಟು ಮದಗಳನ್ನು ಹೇಳಿದ ಕೆಲವೇ ಶ್ಲೋಕಗಳ ತರುವಾಯ, ಧರ್ಮದಿಂದ ನಾಯಿಯು ದೇವನಾಗುವುದನ್ನೂ ಪಾಪದಿಂದ ದೇವನು ನಾಯಿಯಾಗುವುದನ್ನೂ ಆಚಾರ್ಯರು ಹೇಳುತ್ತಾರೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಶ್ವಾನ ಪ್ರದರ್ಶನಗಳಲ್ಲಿ ನಡೆಯುವುದೇನು? ಹಲ್ಲು, ಕಿವಿ, ಬಾಲ, ನಡಿಗೆಗಳನ್ನು ಗ್ರಂಥದಲ್ಲಿ ಬರೆದಿಟ್ಟ ಲಕ್ಷಣದೊಡನೆ ಹೋಲಿಸಿ ಬಹುಮಾನ ಕೊಡುತ್ತಾರೆ. ತಂದೆ, ತಾಯಿ, ಅಜ್ಜಂದಿರ ಹೆಸರುಗಳುಳ್ಳ ಪತ್ರಕ್ಕೆ ಬೆಲೆ ಕಟ್ಟುತ್ತಾರೆ. 1873ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಕೆನೆಲ್ ಕ್ಲಬ್ಬಿನಿಂದ ಬಲಗೊಂಡ ಪದ್ಧತಿ ಇದು. ಮದವು ನಾಯಿಗಿಲ್ಲ, ಪತ್ರವನ್ನು ಹಿಡಿದವನಿಗೆ. ದೇಹವು ನಾಮಕರ್ಮದ ಫಲವೆಂದು ಮುಂಜಾನೆ ಸ್ವಾಧ್ಯಾಯ ಮಾಡಿ, ಸಂಜೆ ಅದೇ ದೇಹಕ್ಕೆ ಸಹಸ್ರಾರು ರೂಪಾಯಿ ಕೊಟ್ಟು, ಬೀದಿಯ ನಾಯಿಗೆ ಕಲ್ಲೆಸೆಯುವ ಗೃಹಸ್ಥರನ್ನು ನಾನು ಕಂಡಿದ್ದೇನೆ.

ಮದದ ಮಾತು ಹಾಗಿರಲಿ, ಮುಖ್ಯವಾದುದು ಅಹಿಂಸಾಣುವ್ರತ. ಅದರ ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಐದಾಗಿ ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಉಮಾಸ್ವಾಮಿಗಳು ಇಂದಿನ ನಾಯಿಯ ವ್ಯಾಪಾರವನ್ನು ಕಣ್ಣಾರೆ ಕಂಡು ಬರೆದರೋ ಎನಿಸುತ್ತದೆ. ಓಡಲೆಂದೇ ರೂಪುಗೊಂಡ ಪ್ರಾಣಿಯನ್ನು ಪಂಜರದಲ್ಲಿಡುವುದು ಬಂಧ. ಬೆತ್ತದಿಂದ ಪಾಠ ಕಲಿಸುವುದು ವಧ. ಇಲ್ಲಿ ವಧವೆಂದರೆ ಹೊಡೆತವೇ ಹೊರತು ಕೊಲೆಯಲ್ಲ. ಚೆಲುವಿಗಾಗಿ ಬಾಲವನ್ನು ಕತ್ತರಿಸಿ ಕಿವಿಯನ್ನು ಕೊಯ್ಯುವುದು ಛೇದ. ಅತಿಭಾರವೆಂದರೆ ಎತ್ತಿನ ಮೇಲಿನ ಮೂಟೆಯಷ್ಟೇ ಅಲ್ಲ. ಹೆಣ್ಣುನಾಯಿಯಿಂದ ಬಿಡುವಿಲ್ಲದೆ ಮರಿಗಳನ್ನು ಪಡೆಯುವುದೂ ಭಾರವೇ. 2017ರ ಸರ್ಕಾರಿ ನಿಯಮಗಳು ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಮಾಡಿಸಬಾರದೆಂದೂ, ಎಂಟು ವಾರವಾಗದ ಮರಿಯನ್ನು ಮಾರಬಾರದೆಂದೂ ವಿಧಿಸಬೇಕಾಯಿತು. ಹಾಗೆ ಮಾಡುವವರು ಇಲ್ಲದಿದ್ದರೆ ನಿಯಮವೇಕೆ?

ಮುಧೋಳದ ನಾಯಿಯ ಮೈಕಟ್ಟು ದುಡಿಮೆಯಿಂದ ಬಂದದ್ದು. ಆದುದರಿಂದ ಅದು ಬಹುಮಟ್ಟಿಗೆ ಆರೋಗ್ಯವಂತ. ಪಗ್, ಬುಲ್‌ಡಾಗ್ ಎಂಬ ಚಪ್ಪಟೆ ಮೂಗಿನ ತಳಿಗಳ ಸ್ಥಿತಿ ಹಾಗಲ್ಲ. ಮುಖ ಮುದ್ದಾಗಿರಲೆಂದು ತಲೆಮಾರುಗಳಿಂದ ಆರಿಸಿ ಆರಿಸಿ, ಅವುಗಳಿಗೆ ಉಸಿರಾಟವೇ ಕಷ್ಟವಾಗಿದೆ. ಬುಲ್‌ಡಾಗ್ ಮರಿಗಳು ಬಹುಪಾಲು ಶಸ್ತ್ರಚಿಕಿತ್ಸೆಯಿಂದಲೇ ಹೊರಬರಬೇಕು. ಹುಟ್ಟುವ ಮುನ್ನವೇ ಜೀವಕ್ಕೆ ವೇದನೆಯನ್ನು ನಿಶ್ಚಯಿಸುವ ಈ ಕ್ರಿಯೆಗೆ ಐದು ಅತಿಚಾರಗಳಲ್ಲಿ ಯಾವ ಹೆಸರು? ನನಗೆ ಇದು ಛೇದವೇ ಎಂದು ತೋರುತ್ತದೆ, ಕತ್ತಿಯಿಲ್ಲವೆಂಬುದಷ್ಟೇ ಭೇದ.

ಅನ್ನಪಾನನಿರೋಧದ ವಿಷಯದಲ್ಲಿ, ಉಪವಾಸವನ್ನು ಆಚರಿಸುವ ನಾವು ವಿಶೇಷವಾಗಿ ಎಚ್ಚರವಹಿಸಬೇಕು. ಹಸಿವಿನಲ್ಲಿಟ್ಟರೆ ನಾಯಿ ಬೇಗ ಕಲಿಯುತ್ತದೆಂದು ಹೇಳುವ ತರಬೇತುದಾರರುಂಟು. ಚತುರ್ದಶಿಯಂದು ಒಲೆ ಹಚ್ಚಲಿಲ್ಲವೆಂದು ಮನೆಯ ನಾಯಿಯೂ ಉಪವಾಸವಿರುವ ಮನೆಗಳೂ ಉಂಟು. ನಮ್ಮ ಉಪವಾಸವು ಸಂಕಲ್ಪದಿಂದ ಉಪವಾಸ. ಸಂಕಲ್ಪವಿಲ್ಲದ ಅದರ ಪಾಲಿಗೆ ಅದು ಬರಿಯ ಹಸಿವು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಯಾರೂ ಮರಿ ಮಾಡಿಸದಿದ್ದರೆ ತಳಿಯೇ ಅಳಿದುಹೋಗುವುದಲ್ಲವೇ ಎಂಬುದು ಮೊದಲನೆಯದು. ಅಳಿಯಬಹುದು. ಆದರೆ ಸುಖದುಃಖಗಳನ್ನು ಅನುಭವಿಸುವುದು ಜೀವವೇ ಹೊರತು ತಳಿಯಲ್ಲ. ಹುಟ್ಟದಿರುವ ನಾಯಿಗೆ ನಾವು ಋಣಿಗಳಲ್ಲ, ಹುಟ್ಟಿರುವುದಕ್ಕೆ ಋಣಿಗಳು. ಎರಡನೆಯದು ಗಟ್ಟಿಯಾದ ಆಕ್ಷೇಪ: ನಮ್ಮ ಕೊಟ್ಟಿಗೆಯ ಹಸು ಎಮ್ಮೆಗಳನ್ನೂ ತಳಿ ನೋಡಿ ಕೊಳ್ಳುತ್ತೇವಲ್ಲ, ಗಂಡುಕರುವನ್ನು ಏನು ಮಾಡುತ್ತೇವೆ? ಈ ಪ್ರಶ್ನೆಯಿಂದ ನುಣುಚಿಕೊಳ್ಳುವ ದಾರಿ ನನಗೆ ಕಾಣದು. ನಾಯಿಯ ವಿಷಯದಲ್ಲಿ ಹೇಳಿದ ಐದೂ ಕೊಟ್ಟಿಗೆಗೂ ಸಲ್ಲುತ್ತವೆ.

ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಸೇರಿಸಿದೆ. ಬೇಟೆಗಾಗಿ ಸಾಕಿದರಂತೂ ಸಂಕಲ್ಪೀ ಹಿಂಸೆಯೇ ಆಯಿತು. ಗದ್ದೆಗೆ ಹಂದಿ ನುಗ್ಗದಂತೆ ಬೊಗಳುವ ಕಾವಲುನಾಯಿಯ ಮಾತು ಬೇರೆ; ಹೆದರಿಸಿ ಓಡಿಸುವುದಕ್ಕೂ ಕೊಲ್ಲಿಸುವುದಕ್ಕೂ ಅಂತರವಿದೆ. ಮನೆಬಾಗಿಲಿಗೆ ಬಂದ ಅನಾಥ ನಾಯಿಗೆ ಅನ್ನವಿಕ್ಕುವುದು ಅನುಕಂಪೆ. ಅದಕ್ಕೆ ಮಾಂಸವೇ ಆಗಬೇಕೆಂಬ ಮಾತೂ ನಿಜವಲ್ಲ: ತೋಳಕ್ಕಿಂತ ನಾಯಿಯು ಪಿಷ್ಟವನ್ನು ಚೆನ್ನಾಗಿ ಜೀರ್ಣಿಸಬಲ್ಲದೆಂದು 2013ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆಯು ತೋರಿಸಿದೆ, ಅನ್ನ, ಜೋಳ, ಬೇಳೆ, ಹಾಲುಗಳಿಂದ ಬೆಳೆದ ನಾಯಿಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ?

ಆ ಶ್ರಾವಕರಿಗೆ ನಾನು ಹೇಳಿದುದು ಇಷ್ಟು: ಸಾಕಬಹುದು, ಮಾರಲು ಹುಟ್ಟಿಸಬಾರದು, ಮಗನ ಆದಾಯದ ಚಿಂತೆ ತಂದೆಯದೂ ಹೌದಾದ್ದರಿಂದ, ತೋಟದಲ್ಲಿ ಕಾಳುಮೆಣಸನ್ನು ಹಬ್ಬಿಸಲು ಅವನೊಡನೆ ದುಡಿಯಬೇಕು. ಅವರು ಒಪ್ಪಿದರು, ಮಗನು ಇನ್ನೂ ಒಪ್ಪಿಲ್ಲ. ಮುಂಗಡ ಕೊಟ್ಟಾಗಿದೆಯೆಂದೂ, ಜೊತೆಯಲ್ಲದಿದ್ದರೆ ಒಂದೇ ಮರಿಯನ್ನಾದರೂ ತರುವೆನೆಂದೂ ಅವನು ಹೇಳುತ್ತಿದ್ದಾನೆ.