ದ್ವೀಪದ ದೋಣಿಯಲ್ಲಿ ಅತಿಥಿ

ವಿಹಾರನೌಕೆಯೊಂದು ಪ್ರಾತಃಕಾಲದಲ್ಲಿ ಒಂದು ದ್ವೀಪದ ಬಂದರಿಗೆ ಬಂದು ನಿಲ್ಲುತ್ತದೆ. ಸಾಯಂಕಾಲಕ್ಕೆ ಲಂಗರನ್ನೆತ್ತಿ ಹೊರಟುಹೋಗುತ್ತದೆ. ನಡುವಣ ಎಂಟು ಹತ್ತು ಗಂಟೆಗಳ ಅವಕಾಶದಲ್ಲಿ ಎರಡು ಮೂರು ಸಹಸ್ರ ಜನರು ದಡಕ್ಕಿಳಿದು ಊರನ್ನು ನೋಡಿ ಬರುತ್ತಾರೆ. ಇವರು ಯಾವ ವಾಹನದಲ್ಲಿ ತಿರುಗಾಡಬೇಕು? ನೌಕೆಯ ಕಂಪನಿಯವರು ಏರ್ಪಡಿಸುವ ಮೋಟಾರಿಗೆ ಹಣ ಹೆಚ್ಚು. ಆದುದರಿಂದ ಊರಿನವರೇ ಉಪಯೋಗಿಸುವ ಬಸ್ಸನ್ನೂ ಕಡವಿನ ದೋಣಿಯನ್ನೂ ಹಿಡಿಯುವುದು ಜಾಣತನವೆಂದು ಪ್ರವಾಸದ ವಿಷಯದಲ್ಲಿ ಬುದ್ಧಿ ಹೇಳುವವರು ಬರೆಯುತ್ತಾರೆ. ಜಾಣತನವೆಂಬುದರಲ್ಲಿ ಸಂದೇಹವಿಲ್ಲ. ಅದು ಧರ್ಮವೂ ಅಹುದೋ ಅಲ್ಲವೋ ಎಂಬುದನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಘಟಪ್ರಭೆಯ ಸೀಮೆಯ ತಿಮ್ಮಾಪುರದಲ್ಲಿ, ಸುತ್ತಲೂ ಕಬ್ಬಿನ ಹೊಲಗಳ ನಡುವೆ ಕುಳಿತವನಿಗೆ ಸಮುದ್ರದ ಚಿಂತೆ ಏತಕ್ಕೆಂದು ವಾಚಕರು ನಗಬಹುದು. ಆದರೆ ನಮ್ಮ ಮನೆಗಳ ಮಕ್ಕಳು ಈಗ ದೇಶಾಂತರಗಳಲ್ಲಿದ್ದಾರೆ. ತಂದೆತಾಯಿಗಳನ್ನು ಕರೆಸಿಕೊಂಡು ಇಂಥ ನೌಕೆಗಳಲ್ಲಿ ಕೂರಿಸುತ್ತಾರೆ. ಅದೂ ಅಲ್ಲದೆ ದೋಣಿಯ ಧರ್ಮವು ನದಿಯವರಿಗೆ ಹೊಸದಲ್ಲ. ಜಮಖಂಡಿಯ ಕಡೆ ಕೃಷ್ಣೆಯ ನಡುಗಡ್ಡೆಗಳ ಹೊಲಗಳಿಗೆ ಹೋಗುವ ರೈತನನ್ನು ಕೇಳಿದರೆ ಅವನು ನಮ್ಮೆಲ್ಲರಿಗಿಂತ ಚೆನ್ನಾಗಿ ಹೇಳಿಯಾನು.

ನಮ್ಮ ಪೂರ್ವಿಕರು ಕಡವಿನ ವಿಷಯವನ್ನು ಅಲ್ಪವೆಂದು ಬಿಟ್ಟವರಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತರಪಣ್ಯದ ಲೆಕ್ಕವಿದೆ. ಬಂಡಿಗೆ ಒಂದು ಪಣ, ಒಬ್ಬ ಮನುಷ್ಯನು ಹೊರುವಷ್ಟು ಭಾರಕ್ಕೆ ಅರ್ಧ ಪಣ, ಬರಿಗೈಯವನಿಗೆ ಅದರ ನಾಲ್ಕರಲ್ಲೊಂದು ಪಾಲು. (ಪಶುವನ್ನೂ ಸ್ತ್ರೀಯನ್ನೂ ಒಂದೇ ಕಾಲುಪಣದಲ್ಲಿ ಸೇರಿಸಿದ್ದು ನಮಗೆ ರುಚಿಸದು, ಅದನ್ನು ಅಲ್ಲಿಯೇ ಬಿಡೋಣ.) ಗರ್ಭಿಣಿ, ಸಂನ್ಯಾಸಿ ಮೊದಲಾದವರಿಗೆ ಶುಲ್ಕವಿಲ್ಲ. ಅಂಬಿಗರ ತಪ್ಪಿನಿಂದ ಸಾಮಾನು ಹಾಳಾದರೆ ಅಂಬಿಗರೆಲ್ಲರೂ ಕೂಡಿ ಕೊಡತಕ್ಕದ್ದು. ದೈವಿಕವಾಗಿ ಆದ ಹಾನಿಗೆ ಅವರು ಹೊಣೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ. ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು, ರಾಜಶಾಸನವನ್ನು ಒಯ್ಯುವವರು ಮೊದಲಾದವರು ನಾವಧ್ಯಕ್ಷನ ಮುದ್ರೆಯನ್ನು ಪಡೆದು ದಾಟಬಹುದು. ಅಕಾಲದಲ್ಲಿ, ಕಡವಲ್ಲದ ಸ್ಥಳದಲ್ಲಿ ದಾಟಿದವನಿಗೆ ದಂಡವುಂಟು. ಆದರೆ ಬೆಸ್ತರಿಗೂ, ಕಟ್ಟಿಗೆ ಹುಲ್ಲುಗಳನ್ನು ಹೊರುವವರಿಗೂ, ತೋಟಗಾರರಿಗೂ, ದನಗಾಹಿಗಳಿಗೂ ಆ ದಂಡವಿಲ್ಲ. ಹೊಟ್ಟೆಯ ಕೆಲಸಕ್ಕಾಗಿ ನಿತ್ಯವೂ ದಾಟುವವನನ್ನು ಶಾಸ್ತ್ರಕಾರನು ಬೇರೆಯಾಗಿ ಎಣಿಸಿದನೆಂಬುದೇ ಇಲ್ಲಿ ಮುಖ್ಯ.

ಮಹಾಭಾರತದ ಆದಿಪರ್ವದಲ್ಲಿ ಸತ್ಯವತಿಯು ತಂದೆಯ ಆಜ್ಞೆಯಿಂದ ಧರ್ಮಾರ್ಥವಾಗಿ ದೋಣಿ ನಡೆಸುತ್ತಿದ್ದಳೆಂದಿದೆ. ಕಡವನ್ನು ದಾಟಿಸುವುದು ಕೆರೆ ಕಟ್ಟಿಸಿದಂತೆ, ಅರವಟ್ಟಿಗೆ ಇಟ್ಟಂತೆ ಒಂದು ಪುಣ್ಯಕಾರ್ಯವಾಗಿತ್ತು. ಆ ದೋಣಿಗೆ ಬಂದ ಪರಾಶರಮುನಿಯೂ ತೀರ್ಥಯಾತ್ರೆಯ ಪ್ರವಾಸಿಯೇ. ಆದರೆ ಅವನ ನಡತೆಯನ್ನು ಇಲ್ಲಿ ಆದರ್ಶವಾಗಿ ಹಿಡಿಯುವಂತಿಲ್ಲ.

ಈ ಗ್ರಂಥಗಳಲ್ಲಿ ದಾಟುವವನಿಗೆ ಒಂದು ಕಾರಣವಿದೆ: ವ್ಯಾಪಾರ, ಬೇಸಾಯ, ತೀರ್ಥ, ರಾಜಕಾರ್ಯ. ಸುಮ್ಮನೆ ನೋಡುವುದಕ್ಕಾಗಿ ದಾಟುವವನಿಗೆ ಬೇರೆ ಶುಲ್ಕವಿಲ್ಲ. ಬರಿಗೈಯವನೆಂದು ಅವನೂ ಅತ್ಯಲ್ಪವನ್ನೇ ಕೊಟ್ಟು ಕೂರುತ್ತಿದ್ದನು. ಅಂಥವನೊಬ್ಬನಿದ್ದಾಗ ಇದರಿಂದ ಯಾರಿಗೂ ಬಾಧೆಯಿರಲಿಲ್ಲ. ಈಗ ಅಂಥವರೇ ಸಹಸ್ರ ಸಂಖ್ಯೆಯಲ್ಲಿ ಒಂದೇ ಗಳಿಗೆಗೆ ಬಂದು ಇಳಿಯುತ್ತಾರೆ.

ದೂರದ ದ್ವೀಪಕ್ಕೆ ಹೋಗುವ ಮೊದಲು ನಮ್ಮ ನಾಡಿನಲ್ಲಿಯೇ ಇದ್ದ ಒಂದು ಉದಾಹರಣೆಯನ್ನು ನೋಡಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಶರಾವತಿಯ ನೀರು ಹಿಂದಕ್ಕೆ ಹರಡಿದಾಗ ಸಾಗರ ತಾಲ್ಲೂಕಿನ ತುಮರಿಯ ಕಡೆಯ ಹಳ್ಳಿಗಳು ಮೂರು ಪಾಲು ದ್ವೀಪವೇ ಆದವು. ಆ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು ನಾಡಿಗೆಲ್ಲ ಬೆಳಕಾಯಿತು. ಹಳ್ಳಿಯವರಿಗೆ ಸಾಗರಪೇಟೆಯು ನೀರಿನಾಚೆಯದಾಯಿತು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸರ್ಕಾರದ ಲಾಂಚು ಓಡಾಡಿತು; ಬಸ್ಸು ಸಹ ಅದರ ಮೇಲೇರಿ ದಾಟುತ್ತಿತ್ತು. ಈ ಲಾಂಚು ಹಳ್ಳಿಯವರಿಗೆ ಕೊಟ್ಟ ದಾನವಲ್ಲ, ಅವರಿಗೆ ಸಲ್ಲಬೇಕಾದ ಋಣ. ಹೀಗಿರುವಲ್ಲಿ ಸಿಗಂದೂರಿನ ಚೌಡೇಶ್ವರಿಯ ಕ್ಷೇತ್ರವು ಪ್ರಸಿದ್ಧಿಗೆ ಬಂದಿತು. ರಜೆಯ ದಿನಗಳಲ್ಲಿ ದೂರದೂರುಗಳ ಮೋಟಾರುಗಳು ಕಡವಿನಲ್ಲಿ ಸಾಲುಗಟ್ಟಿದವು. ಆಸ್ಪತ್ರೆಗೆ ಹೋಗಬೇಕಾದವನು, ಅಡಕೆಯನ್ನು ಪೇಟೆಗೆ ಒಯ್ಯಬೇಕಾದವನು, ಶಾಲೆಯಿಂದ ಮರಳುವ ಹುಡುಗಿ, ಇವರಿಗೂ ಅದೇ ಸಾಲು. ಬೇಸಗೆಯಲ್ಲಿ ನೀರು ತೀರ ಇಳಿದಾಗ ವಾಹನಗಳನ್ನು ಹತ್ತಿಸುವುದೇ ನಿಲ್ಲುತ್ತಿತ್ತು.

ದೇವಿಯ ದರ್ಶನಕ್ಕೆ ಬಂದವನು ಪಾಪಿಯೇ? ಅಲ್ಲ. ಅವನ ಭಕ್ತಿಯಲ್ಲಿ ಕಪಟವಿರಲಿಲ್ಲ, ಅವನು ಕೊಟ್ಟ ಹಣದಲ್ಲಿ ಕೊರತೆಯಿರಲಿಲ್ಲ. ಆದರೂ ಅವನ ಒಂದು ದಿನದ ಪುಣ್ಯಕ್ಕೆ ಬೇರೊಬ್ಬನ ನಿತ್ಯದ ಅವಶ್ಯಕತೆಯು ಸ್ಥಳ ಬಿಟ್ಟುಕೊಡುತ್ತಿತ್ತು. 2025ರ ಜುಲೈ 14ರಂದು ಸುಮಾರು 2.4 ಕಿಲೋಮೀಟರಿನ ಸೇತುವೆ ತೆರೆದು ಆ ಕಡವಿನ ಜಗಳ ಮುಗಿಯಿತು. ಎಲ್ಲ ದ್ವೀಪಗಳಿಗೂ ಸೇತುವೆ ಕಟ್ಟಲಾಗುವುದಿಲ್ಲವಷ್ಟೆ.

ಗ್ರೀಸ್ ದೇಶದ ಸ್ಯಾಂಟೋರಿನಿ ದ್ವೀಪವನ್ನು ನೋಡಿರಿ. ಅಲ್ಲಿಯ ನಿವಾಸಿಗಳು ಸುಮಾರು 15 ಸಾವಿರ. ನೌಕೆಗಳು ಹೊರಗೆ ನಿಲ್ಲುತ್ತವೆ. ಸಣ್ಣ ದೋಣಿಗಳಲ್ಲಿ ಜನರನ್ನು ಹಳೆಯ ಬಂದರಿಗೆ ತಂದು ಬಿಡುತ್ತಾರೆ. ಅಲ್ಲಿಂದ ಕಡಿದಾದ ಬೆಟ್ಟದ ಮೇಲಿರುವ ಫೀರಾ ಪಟ್ಟಣಕ್ಕೆ ಹಗ್ಗದ ತೊಟ್ಟಿಲಿನಲ್ಲಿಯೋ ಮೆಟ್ಟಿಲುಗಳ ಮೂಲಕವೋ ಏರಬೇಕು. ಮುಂದಿನ ಊರುಗಳಿಗೆ ಬಸ್ಸು. 2025ರಿಂದ ದಿನಕ್ಕೆ 8,000 ನೌಕಾಪ್ರವಾಸಿಗಳೆಂದು ಮಿತಿಯನ್ನು ಹಾಕಿದ್ದಾರೆ. ಮಿತಿಯೇ ಎಂಟು ಸಾವಿರ! ತಿಮ್ಮಾಪುರದ ನಿಲ್ದಾಣಕ್ಕೆ ಒಂದು ಬೆಳಿಗ್ಗೆ ಅದರ ಹತ್ತರಲ್ಲೊಂದು ಪಾಲು ಜನರು ಬಂದಿಳಿದು, ಮುಧೋಳದ ಬಸ್ಸಿಗೆ ಕೈಯೊಡ್ಡಿದರೆ, ಸಂತೆಗೆ ಹೊರಟ ನಮ್ಮವರ ಗತಿಯೇನಾದೀತು?

ಹಾಗಾದರೆ ಪರಸ್ಥಳದವನು ಬಾಡಿಗೆಯ ಮೋಟಾರಿನಲ್ಲಿಯೇ ಹೋಗಲಿ ಎಂದು ಕೆಲವರು ಹೇಳಬಹುದು. ನನಗೆ ಇದು ಸರಿಯೆಂದು ತೋರುವುದಿಲ್ಲ. ಒಂದು ಬಸ್ಸಿನಲ್ಲಿ ಐವತ್ತು ಜನರು ಕೂರುವಲ್ಲಿ, ಅದೇ ಐವತ್ತು ಜನರು ಹದಿನೈದು ಮೋಟಾರುಗಳಲ್ಲಿ ಹೊರಟರೆ ಇಕ್ಕಟ್ಟಾದ ದಾರಿಯು ಮುಚ್ಚಿಹೋಗುತ್ತದೆ. ಹಿಂದೆ ಸಿಕ್ಕಿಬಿದ್ದ ಬಸ್ಸಿನಲ್ಲಿ ಊರಿನವರೇ ಇರುತ್ತಾರೆ. ಆಸನವನ್ನು ಬಿಟ್ಟುಕೊಟ್ಟು ಹಾದಿಯನ್ನು ಕಸಿದುಕೊಂಡಂತಾಯಿತು. ಮೇಲಾಗಿ ಅತಿಥಿಯ ಹಣ ಬಸ್ಸಿನ ಬೊಕ್ಕಸಕ್ಕೆ ಸೇರಿದರೆ ಪ್ರವಾಸಿಗಳಿಲ್ಲದ ಋತುವಿನಲ್ಲಿಯೂ ಆ ಬಸ್ಸು ಓಡುವುದಕ್ಕೆ ಆಧಾರವಾಗಬಹುದು. ಒಂದು ಊರಿನ ಜನರೊಂದಿಗೆ ಭುಜಕ್ಕೆ ಭುಜ ತಾಗಿಸಿ ಅರ್ಧ ಗಂಟೆ ಕುಳಿತವನು, ಗಾಜಿನ ಹಿಂದಿನಿಂದ ಇಡೀ ದಿನ ನೋಡಿದವನಿಗಿಂತ ಹೆಚ್ಚನ್ನು ತಿಳಿಯುತ್ತಾನೆಂಬುದೂ ನಿಜ. ಆದುದರಿಂದ ಬಸ್ಸನ್ನು ಹತ್ತುವುದು ಅಧರ್ಮವಲ್ಲ. ಹಣ ಕೊಟ್ಟವರೆಲ್ಲರೂ ಸಮಾನರೆಂದು ಭಾವಿಸಿ ಹತ್ತುವುದೇ ದೋಷ. ಚೀಟಿಯು ದಾಟುವ ಹಕ್ಕನ್ನು ಕೊಡುತ್ತದೆ. ಮೊದಲು ದಾಟುವ ಹಕ್ಕನ್ನು ಕೊಡುವುದಿಲ್ಲ. ಊರಿನವನಿಗೆ ಈ ಬಸ್ಸು ತಪ್ಪಿದರೆ ದಿನದ ಕೂಲಿ ಹೋದೀತು. ನನಗೆ ತಪ್ಪಿದರೆ ಒಂದು ದೇಗುಲವೋ ಒಂದು ಕೋಟೆಯೋ ಹೋದೀತು.

ಇದಕ್ಕೆ ಪ್ರವಾಸಿಯು ಒಂದು ಉತ್ತರವನ್ನು ಸಿದ್ಧವಾಗಿಟ್ಟಿರುತ್ತಾನೆ: ನೌಕೆಯು ನನಗಾಗಿ ಕಾಯುವುದಿಲ್ಲ. ಕಂಪನಿಯ ವಾಹನದಲ್ಲಿ ಹೋದವರು ತಡವಾದರೆ ಕಾಯುವ ರೂಢಿಯುಂಟು. ಸ್ವತಂತ್ರವಾಗಿ ಹೋದವನನ್ನು ದಡದಲ್ಲಿ ಬಿಟ್ಟು ಲಂಗರೆತ್ತುತ್ತಾರೆ. ಈ ಭಯವು ಸಣ್ಣದಲ್ಲ. ಹಿಂದಿರುಗುವ ಕೊನೆಯ ದೋಣಿಯಲ್ಲಿ ಸಾಲನ್ನು ಮುರಿಯುವವರೂ, ಸೌಮ್ಯರಾಗಿದ್ದರೂ ಮೊಣಕೈ ಚಾಚುವವರೂ ಈ ಭಯದಿಂದಲೇ ಹಾಗೆ ಮಾಡುತ್ತಾರೆ. ಆದರೆ ವಿಚಾರಿಸಿ ನೋಡಿದರೆ ಈ ಅವಸರವನ್ನು ಕೊಂಡುಕೊಂಡವನು ಅವನೇ. ಅಗ್ಗದ ದಾರಿಯನ್ನು ಆರಿಸಿ ಉಳಿಸಿದ ಹಣವು ಅವನ ಕಿಸೆಯಲ್ಲಿದೆ. ಆ ದಾರಿಯ ಅಪಾಯವನ್ನು ಮಾತ್ರ ಸಾಲಿನಲ್ಲಿ ಮುಂದೆ ನಿಂತ ಬೆಸ್ತರ ಮುದುಕಿಯು ಹೊರಬೇಕೇ? ಎರಡು ದೋಣಿಗಳಷ್ಟು ಮುಂಚಿತವಾಗಿ ಮರಳುವ ಕಾಲವನ್ನು ಮೊದಲೇ ಕಳೆದಿಟ್ಟು, ಉಳಿದುದರಲ್ಲಿ ಎಷ್ಟು ಕಾಣುವುದೋ ಅಷ್ಟನ್ನು ಕಾಣತಕ್ಕದ್ದು. ಹಾಗೆ ಲೆಕ್ಕಹಾಕಿದರೆ ಎಂಟು ಗಂಟೆಗಳು ಐದಾಗುತ್ತವೆ. ಆಗಲಿ, ಆ ಮೂರು ಗಂಟೆಗಳು ಮೊದಲಿನಿಂದಲೂ ಅವನವಾಗಿರಲಿಲ್ಲ.

ಇನ್ನು ಶುಲ್ಕದ ಮಾತು. ಮಾಲ್ಟಾ ದೇಶವು 316 ಚದರ ಕಿಲೋಮೀಟರ್ ಮಾತ್ರ, ನಮ್ಮ ಮುಧೋಳ ತಾಲ್ಲೂಕಿನ ಅರ್ಧವೂ ಇಲ್ಲ. ಅಲ್ಲಿ 2022ರ ಅಕ್ಟೋಬರಿನಿಂದ ನಿವಾಸಿಗಳು ತಮ್ಮ ಚೀಟಿಯನ್ನು ತೋರಿಸಿ ಬಸ್ಸಿನಲ್ಲಿ ಪುಕ್ಕಟೆಯಾಗಿ ಹೋಗುತ್ತಾರೆ. ಪರಸ್ಥಳದವನು ಹಣ ತೆರುತ್ತಾನೆ. ಅದರ ಪಕ್ಕದ ಗೋಝೋ ದ್ವೀಪಕ್ಕೆ ಹೋಗುವಾಗ ದೋಣಿಯಲ್ಲಿ ಏನೂ ಕೇಳುವುದಿಲ್ಲ, ಮರಳುವಾಗ ಎರಡು ದಾರಿಯ ಶುಲ್ಕವನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಾರೆ; ಹೋದವನು ಬಂದೇ ಬರಬೇಕಷ್ಟೆ ಎಂಬ ದ್ವೀಪವಾಸಿಗಳ ಲೌಕಿಕಜ್ಞಾನಕ್ಕೆ ತಲೆದೂಗಬೇಕು. ಒಂದೇ ಆಸನಕ್ಕೆ ಎರಡು ಬೆಲೆಯೇ ಎಂದು ಕೆಲವು ಪ್ರವಾಸಿಗಳು ಸಿಡುಕುತ್ತಾರಂತೆ. ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. 2023ರ ಜೂನ್ 11ರಿಂದ ಕರ್ನಾಟಕದ ನಿವಾಸಿಗಳಾದ ಸ್ತ್ರೀಯರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ಚೀಟಿಯನ್ನು ತೋರಿಸಿ ಹಣವಿಲ್ಲದೆ ಸಂಚರಿಸುತ್ತಾರೆ. ಗಡಿಯಾಚೆಯಿಂದ ಬಂದ ಸ್ತ್ರೀಯು ಹಣ ಕೊಡುತ್ತಾಳೆ. ಇದೆಲ್ಲವೂ ಕೌಟಿಲ್ಯನ ನಾವಧ್ಯಕ್ಷನ ಮುದ್ರೆಯೇ. ಬಸ್ಸಿನ ಹಿಂದೆ ಆ ಸ್ಥಳದವರ ಕಂದಾಯವಿದೆ, ಅವರ ತಾತಂದಿರು ಬಿಟ್ಟುಕೊಟ್ಟ ಭೂಮಿಯಿದೆ. ಅತಿಥಿಯು ಹೆಚ್ಚು ಕೊಟ್ಟರೆ ಅದು ದಂಡವಲ್ಲ.

ಅತಿಥಿಗಳೊಬ್ಬೊಬ್ಬರೂ ಸಜ್ಜನರಾದರೆ ಸಾಕೇ? ಸಾಲದು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಪುಣ್ಯಕ್ಕೆ ಮಾತ್ರವಲ್ಲ, ನಿರಪರಾಧವಾದ ನೂಕುನುಗ್ಗಲಿಗೂ ಸಲ್ಲುತ್ತದೆ. ಮೂರು ಸಾವಿರ ಸಜ್ಜನರು ವಿನಯದಿಂದ ನಿಂತರೂ ಸಾಲು ಮೂರು ಸಾವಿರದ್ದೇ. ಅವರನ್ನು ಒಂದೇ ಗಳಿಗೆಗೆ ತಂದಿಳಿಸಿದವನು ನೌಕೆಯ ಒಡೆಯನು. ಆದುದರಿಂದ ಹೊಣೆಯ ದೊಡ್ಡ ಪಾಲು ಅವನದು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಜನ ಹೊರಟಾಗ ನಮ್ಮ ಸಾರಿಗೆಯವರು ವಿಶೇಷ ಬಸ್ಸುಗಳನ್ನು ಬಿಡುತ್ತಾರೆ. ಜಾತ್ರೆಯ ಜನಕ್ಕೆ ಅನುಕೂಲವೆಂದು ನಾವು ತಿಳಿಯುತ್ತೇವೆ, ಆದರೆ ಅದರಿಂದ ಉಪಕಾರವಾಗುವುದು ಜಾತ್ರೆಗೆ ಹೋಗದೆ ನಿತ್ಯದ ಬಸ್ಸನ್ನು ನಂಬಿದವನಿಗೂ ಹೌದು. ನೌಕೆ ಬರುವ ದಿನಗಳು ತಿಂಗಳುಗಳ ಮೊದಲೇ ಗೊತ್ತಿರುತ್ತವೆ, ಹುಣ್ಣಿಮೆಯಂತೆ. ಆ ದಿನದ ಹೆಚ್ಚಿನ ದೋಣಿಗೂ ಹೆಚ್ಚಿನ ಬಸ್ಸಿಗೂ ಕಂಪನಿಯವರೇ ಹಣ ಕಟ್ಟುವುದು ನ್ಯಾಯ. ಗ್ರೀಸಿನವರು 2025ರ ಜುಲೈಯಿಂದ ನೌಕಾಪ್ರವಾಸಿಗಳಿಗೆ ತಲೆಗಂದಾಯವನ್ನು ವಿಧಿಸಿದ್ದಾರೆ; ಜನಸಂದಣಿಯ ಋತುವಿನಲ್ಲಿ ಸ್ಯಾಂಟೋರಿನಿಯಲ್ಲಿಯೂ ಮಿಕೊನೊಸಿನಲ್ಲಿಯೂ ಅದು 20 ಯೂರೋ. ಇದು ಹೊಸ ಕಾಲದ ತರಪಣ್ಯ. ಆ ಹಣದಲ್ಲಿ ಎಷ್ಟು ಪಾಲು ಫೀರಾದ ನಿಲ್ದಾಣದಲ್ಲಿ ಮತ್ತೊಂದು ಬಸ್ಸಾಗಿ ಬಂದು ನಿಲ್ಲುವುದೆಂದು ಅಲ್ಲಿಯ ಮುದುಕಿಯರು ನೋಡುತ್ತಿರಬೇಕು.