ಬಾರದೆ ಹೋದ ಕಾಯಿಲೆಗೆ ಕಾಣಿಕೆ ಹಾಕುವವರು ಯಾರು?



ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆಗಳಲ್ಲಿ ಒಂದು ಬಂದಾಗ ಇಡೀ ದೇವಾಲಯ ನಿಶ್ಶಬ್ದವಾಗುತ್ತದೆ. ‘ನಮ್ಮ ಧರ್ಮಕೇಂದ್ರದ ಒಬ್ಬ ಹೆಣ್ಣುಮಗಳಿಗೆ ಹೃದಯದ ವಾಲ್ವ್ ಆಪರೇಷನ್ ಆಗಬೇಕಾಗಿದೆ, ಕೈಲಾದ ಸಹಾಯ ಮಾಡಿ’ ಎಂಬ ಪ್ರಕಟಣೆ ಅದು. ಕನ್ನಡ ಪೂಜೆಯಲ್ಲಿ ಓದಲಿ, ತಮಿಳು ಪೂಜೆಯಲ್ಲಿ ಓದಲಿ, ತೆಲುಗಿನಲ್ಲಿ ಹೇಳಲಿ, ಜನ ಕೈ ಹಿಂದೆಗೆಯುವುದಿಲ್ಲ. ಕೂಲಿ ಮಾಡುವವರು ಕೂಡ ಒಂದು ದಿನದ ಸಂಬಳವನ್ನು ಪೆಟ್ಟಿಗೆಗೆ ಹಾಕುತ್ತಾರೆ. ಗಡಿನಾಡಿನ ನಮ್ಮಂಥ ಸಣ್ಣ ಸಮುದಾಯಕ್ಕೆ ಇದು ಹೆಮ್ಮೆಯ ವಿಷಯ.

ಆದರೆ ಇದೇ ಹೆಣ್ಣುಮಗಳು ಎಂಟೊಂಬತ್ತು ವರ್ಷದವಳಿದ್ದಾಗ ಗಂಟಲು ನೋವು ಬಂದು ಮಲಗಿದ್ದ ದಿನ ಯಾರೂ ಪ್ರಕಟಣೆ ಓದಿರುವುದಿಲ್ಲ. ಆ ದಿನ ಬೇಕಾಗಿದ್ದುದು ಒಬ್ಬ ಡಾಕ್ಟರು ಗಂಟಲನ್ನು ನೋಡುವುದು, ಅಗತ್ಯವಿದ್ದರೆ ಕಡಿಮೆ ಬೆಲೆಯ ಪೆನಿಸಿಲಿನ್ ಕೊಡುವುದು, ಅಷ್ಟೇ. ಆಪರೇಷನ್ನಿಗೆ ಲಕ್ಷಗಟ್ಟಲೆ ಕೂಡಿಸಬಲ್ಲ ನಾವು ಆ ಗಂಟಲು ನೋವಿಗೆ ಏಕೆ ಏನನ್ನೂ ಕೂಡಿಸುವುದಿಲ್ಲ? ಕಷ್ಟ ಬಂದ ಮೇಲೆ ತೋರುವ ಕರುಣೆ ದೊಡ್ಡದು, ಕಷ್ಟ ಬರುವ ಮುಂಚೆ ತೋರುವ ಕರುಣೆ ಸಣ್ಣದು ಎಂದು ನಮ್ಮ ಮನಸ್ಸಾಕ್ಷಿ ಒಪ್ಪಿಬಿಟ್ಟಿದೆಯೇ? ಈ ಪ್ರಶ್ನೆಯನ್ನು ನಾವು ಶಾಂತವಾಗಿ ಯೋಚಿಸಿ ನೋಡಬೇಕು.

ಮೊದಲು ಕಾಯಿಲೆಯ ದಾರಿಯನ್ನು ತಿಳಿದುಕೊಳ್ಳೋಣ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುಗಳಲ್ಲಿ ಒಂದು ಗುಂಪು ಮಕ್ಕಳ ಗಂಟಲಿಗೆ ಬರುತ್ತದೆ. ಹೆಚ್ಚಾಗಿ ಐದರಿಂದ ಹದಿನೈದು ವಯಸ್ಸಿನೊಳಗಿನವರಿಗೆ. ಎಲ್ಲ ಗಂಟಲು ನೋವೂ ಇದರಿಂದ ಬರುವುದಿಲ್ಲ. ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಆದರೆ ಈ ರೋಗಾಣುವಿಗೆ ಚಿಕಿತ್ಸೆ ಸಿಗದೆ ಹೋದರೆ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ಮೇಲೆ ಜ್ವರ ಬರುತ್ತದೆ, ಮಂಡಿ, ಕಣಕಾಲು, ಮೊಣಕೈ ಒಂದಾದ ಮೇಲೊಂದು ಊದಿ ನೋಯುತ್ತವೆ. ಇದನ್ನು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ರೋಗಾಣುವನ್ನು ಹೊಡೆಯಲು ಎದ್ದ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಹೃದಯದ ಕವಾಟಗಳ ಮೇಲೆ ಬೀಳುತ್ತದೆ. ಈ ಜ್ವರ ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ವೈದ್ಯರಲ್ಲಿ ಹಳೆಯ ಮಾತಿದೆ. ಮಂಡಿನೋವು ಹೋಯಿತೆಂದು ಮನೆಯವರು ಮರೆಯುತ್ತಾರೆ. ಕವಾಟದ ಗಾಯ ಮಾತ್ರ ಉಳಿಯುತ್ತದೆ. ಜ್ವರ ಮರುಕಳಿಸಿದಂತೆಲ್ಲ ಅದು ಹೆಚ್ಚುತ್ತದೆ. ವರ್ಷಗಳ ಮೇಲೆ ಮೆಟ್ಟಿಲು ಹತ್ತುವಾಗ ಉಬ್ಬಸ ಬರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಬಸುರಿಯಾದಾಗಲೇ ಮೊದಲ ಸಾರಿ ಗೊತ್ತಾಗುತ್ತದೆ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೂ ದಾರಿ ಮುಚ್ಚಿರುವುದಿಲ್ಲ. ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್ನನ್ನು, ಡಾಕ್ಟರು ಹೇಳುವಷ್ಟು ವರ್ಷ ತಪ್ಪದೆ ಹಾಕಿಸಿದರೆ ಜ್ವರ ಮರುಕಳಿಸದಂತೆ ತಡೆಯಬಹುದು. ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ಹತ್ತು ವರ್ಷ, ಕೆಲವರಿಗೆ ನಲವತ್ತರ ವಯಸ್ಸಿನವರೆಗೂ ಬೇಕಾಗುತ್ತದೆ. ಔಷಧಿ ಹಳೆಯದು, ಅಗ್ಗದ್ದು. ಸೂಜಿ ನೋವಾಗುತ್ತದೆ, ಮಗು ಅಳುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ. ಮಗು ಚೆನ್ನಾಗಿಯೇ ಓಡಾಡಿಕೊಂಡಿದೆಯಲ್ಲ, ಇನ್ನು ಯಾಕೆ ಎನ್ನಿಸುತ್ತದೆ. ನಿಲ್ಲಿಸಿಬಿಡುತ್ತಾರೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಈ ಕಾಯಿಲೆಯನ್ನು ತಡೆಯಬೇಕೆಂದು ವಿಶೇಷ ನಿರ್ಣಯವನ್ನೇ ಮಾಡಿತು. ತಡೆಯುವ ವಿದ್ಯೆ ದಶಕಗಳಿಂದ ಕೈಯಲ್ಲಿದ್ದರೂ ಬಡವರ ಮಕ್ಕಳಿಗೆ ಈ ಕಾಯಿಲೆ ಬರುತ್ತಲೇ ಇದೆ.

ಆಪರೇಷನ್ ಬೇಡ ಎಂದು ನಾನು ಹೇಳುತ್ತಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು, ಹಿಂದಿನ ಮಾದರಿಗಳು ಸೋತರೂ ಬಿಡದೆ ದುಡಿದು, ನಮ್ಮ ದೇಶದಲ್ಲೇ ಒಂದು ಕೃತಕ ಕವಾಟವನ್ನು ತಯಾರಿಸಿದರು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿ ರೋಗಿಯೊಬ್ಬರ ಹೃದಯದಲ್ಲಿ ಜೋಡಿಸಿದರು. ಹೊರದೇಶದ ಕವಾಟ ಕೊಳ್ಳಲಾಗದ ಸಾವಿರಾರು ಜನರಿಗೆ ಅದರಿಂದ ಜೀವ ಉಳಿಯಿತು. ಅದು ದೊಡ್ಡ ಪುಣ್ಯದ ಕೆಲಸ. ಆದರೆ ಇಂಥ ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ನುಂಗಬೇಕು, ಆಗಾಗ ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವ ಆಗುತ್ತದೆ. ನಮ್ಮ ಪೆಟ್ಟಿಗೆಯ ಕಾಣಿಕೆ ಆಪರೇಷನ್ನಿನ ದಿನಕ್ಕೆ ಮುಗಿಯುತ್ತದೆ; ಅವಳ ಕಷ್ಟ ಅಂದಿನಿಂದ ಇನ್ನೊಂದು ರೂಪದಲ್ಲಿ ಶುರುವಾಗುತ್ತದೆ.

ಹಾಗಾದರೆ ನಾವು ತಡೆಯುವ ಕೆಲಸಕ್ಕೆ ಏಕೆ ಮನಸ್ಸು ಕೊಡುವುದಿಲ್ಲ? ಕಾರಣ ಸರಳ. ಆಪರೇಷನ್ ಬೇಕಾದವಳಿಗೆ ಮುಖವಿದೆ. ಕಾಯಿಲೆ ಬಾರದೆ ಹೋದವಳಿಗೆ ಮುಖವಿಲ್ಲ. ಸಮಯಕ್ಕೆ ಸರಿಯಾಗಿ ಪೆನಿಸಿಲಿನ್ ಸಿಕ್ಕ ನೂರು ಮಕ್ಕಳಲ್ಲಿ ಯಾರ ಕವಾಟ ಉಳಿಯಿತು ಎಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಉಳಿದುಕೊಂಡ ಮಗುವಿಗೇ ತಾನು ಉಳಿದೆ ಎಂದು ಗೊತ್ತಿರುವುದಿಲ್ಲ. ಇಂಗ್ಲೆಂಡಿನ ವೈದ್ಯ ಜೆಫ್ರಿ ರೋಸ್ ಹೃದಯರೋಗ ತಡೆಯುವುದರ ಬಗ್ಗೆ 1981ರಲ್ಲಿ ಬರೆಯುತ್ತಾ ಈ ತೊಡಕನ್ನೇ ಎತ್ತಿ ತೋರಿಸಿದರು: ಇಡೀ ಜನಸಮೂಹಕ್ಕೆ ಬಹಳ ಒಳ್ಳೆಯದು ಮಾಡುವ ಕ್ರಮ ಒಬ್ಬೊಬ್ಬರಿಗೂ ಕಾಣುವಂಥ ಲಾಭವನ್ನೇನೂ ಕೊಡುವುದಿಲ್ಲ. ಊರಿನವರೆಲ್ಲ ಉಪ್ಪು ಕಡಿಮೆ ಮಾಡಿ, ಹೊಗೆಸೊಪ್ಪು ಬಿಟ್ಟು, ಬಿ.ಪಿ. ಮಾತ್ರೆ ತಪ್ಪಿಸದಿದ್ದರೆ ಹಾರ್ಟ್ ಅಟ್ಯಾಕ್ ಕಡಿಮೆಯಾಗುತ್ತದೆ. ಆದರೆ ‘ನನಗೆ ಬರಬೇಕಾಗಿದ್ದದ್ದು ತಪ್ಪಿತು’ ಎಂದು ಮೊಂಬತ್ತಿ ಹಚ್ಚಲು ಯಾರೂ ಬರುವುದಿಲ್ಲ.

ಇಲ್ಲಿ ಒಂದು ಒಳ್ಳೆಯ ಆಕ್ಷೇಪಣೆ ಏಳುತ್ತದೆ. ಪ್ರೀತಿ ಎನ್ನುವುದು ಮುಖವಿರುವವರಿಗೇ ಸಲ್ಲುವುದಲ್ಲವೇ? ಯೇಸುಸ್ವಾಮಿ ಎದುರಿಗೆ ಬಂದ ಕುರುಡನನ್ನು, ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದರು. ಲೆಕ್ಕ ಹಾಕಿ ಕೂರಲಿಲ್ಲ. ಜೆರಿಕೋ ದಾರಿಯಲ್ಲಿ ಬಿದ್ದಿದ್ದವನನ್ನು ಸಮಾರಿಯದವನು ಎತ್ತಿದ್ದು ಅವನು ಕಣ್ಣಿಗೆ ಬಿದ್ದದ್ದರಿಂದ. ಕಾಣದವರನ್ನು ಪ್ರೀತಿಸುತ್ತೇನೆ ಎನ್ನುವವನು ಕಾಣುವವರನ್ನು ಮರೆಯುವ ಅಪಾಯವೂ ಉಂಟು. ಈ ಮಾತು ನಿಜ. ಮುಂದೆ ಬಿದ್ದಿರುವವರನ್ನು ದಾಟಿ ಹೋಗಲು ಯಾವ ಲೆಕ್ಕಾಚಾರವೂ ನಮಗೆ ಅಪ್ಪಣೆ ಕೊಡಲಾರದು.

ಆದರೆ ಪವಿತ್ರ ಗ್ರಂಥದಲ್ಲಿ ಇನ್ನೊಂದು ಬಗೆಯ ಕರುಣೆಯೂ ಇದೆ. ಆದಿಕಾಂಡದ ಜೋಸೆಫನನ್ನು ನೆನೆಯಿರಿ. ಸುಭಿಕ್ಷದ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕಣಜಗಳಲ್ಲಿ ತುಂಬಿಸಿದನು. ಆಗ ಹಸಿದವರು ಯಾರೂ ಅವನ ಎದುರಿಗಿರಲಿಲ್ಲ. ಎಲ್ಲರ ಹೊಟ್ಟೆ ತುಂಬಿತ್ತು. ಬೇಸಾಯಗಾರರು ಇದನ್ನು ದಾನ ಎಂದುಕೊಂಡಿರಲಾರರು, ತೆರಿಗೆ ಎಂದೇ ಗೊಣಗಿರಬೇಕು. ಕ್ಷಾಮ ಬಂದಾಗ ಆ ಕಣಜದಿಂದ ಈಜಿಪ್ಟು ಉಂಡಿತು, ಕಾನಾನಿನಿಂದ ಬಂದ ಅವನ ಸ್ವಂತ ಅಣ್ಣಂದಿರೂ ಉಂಡರು. ಧಾನ್ಯ ತುಂಬಿಸುವಾಗ ಅದು ಯಾರ ಬಾಯಿಗೆ ಹೋಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಮುಖ ಆಮೇಲೆ ಕಂಡಿತು. ತಡೆಯುವ ಕೆಲಸವೆಂದರೆ ಇದೇ. ಅದರಲ್ಲಿಯೂ ಮುಖವುಳ್ಳ ನೆರೆಯವರೇ ಇದ್ದಾರೆ, ಅವರು ನಮ್ಮ ಮುಂದೆ ಬರುವ ದಿನವಷ್ಟೇ ಬೇರೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಕಾಯಿಲೆಯನ್ನು ತಡೆಯಬಹುದು ಎಂದ ಕೂಡಲೇ ಕಾಯಿಲೆ ಬಂದವರನ್ನು ದೂರುವ ನಾಲಿಗೆ ಎದ್ದು ಬರುತ್ತದೆ. ‘ಬೀಡಿ ಸೇದಿದ, ಅನುಭವಿಸಲಿ’, ‘ತಾಯಿಯಾದವಳು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡವೇ’ ಎನ್ನುತ್ತೇವೆ. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದೇ ಕೇಳಿದ್ದು. ಪ್ರಭು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ರುಮ್ಯಾಟಿಕ್ ಜ್ವರ ಇಕ್ಕಟ್ಟಿನ ಮನೆಗಳ ಕಾಯಿಲೆ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವಲ್ಲಿ ರೋಗಾಣು ಸುಲಭವಾಗಿ ಹಬ್ಬುತ್ತದೆ. ಶ್ರೀಮಂತ ದೇಶಗಳಲ್ಲಿ ಪೆನಿಸಿಲಿನ್ ಬರುವ ಮುಂಚೆಯೇ, ಮನೆಗಳು ಸುಧಾರಿಸಿದಂತೆ, ಈ ಜ್ವರ ಇಳಿಮುಖವಾಗಿತ್ತು. ಆ ಕೋಣೆಯನ್ನು ಮಗು ಆರಿಸಿಕೊಂಡದ್ದಲ್ಲ. ನಮ್ಮ ಧರ್ಮಸಭೆಯ ಧರ್ಮೋಪದೇಶವೂ ಆರೋಗ್ಯವನ್ನು ದೇವರು ಒಪ್ಪಿಸಿದ ವರವೆಂದು ಕರೆದು, ಅದನ್ನು ತಕ್ಕಮಟ್ಟಿಗೆ ಕಾಪಾಡಿಕೊಳ್ಳಬೇಕೆಂದು ಹೇಳುವ ಜಾಗದಲ್ಲೇ, ಊಟ, ಬಟ್ಟೆ, ವಸತಿ, ಚಿಕಿತ್ಸೆ ಎಲ್ಲರಿಗೂ ಸಿಗುವಂತೆ ಸಮಾಜ ನೆರವಾಗಬೇಕೆಂದೂ ಹೇಳುತ್ತದೆ. ತಡೆಯುವ ಹೊಣೆಯನ್ನು ರೋಗಿಯ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಮೂರನೆಯದು ಹಣದ ಪ್ರಶ್ನೆ. ಪೆಟ್ಟಿಗೆಯಲ್ಲಿರುವುದು ಸ್ವಲ್ಪ, ಆಪರೇಷನ್ನಿಗೆ ಕೊಡಬೇಕೋ ಮುಂಜಾಗ್ರತೆಗೆ ಕೊಡಬೇಕೋ? ಇಂದು ಉಸಿರಿಗಾಗಿ ಒದ್ದಾಡುತ್ತಿರುವವಳಿಗೇ ಮೊದಲು ಕೊಡಬೇಕು, ಇದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಈ ಎರಡು ಕೆಲಸಗಳು ಒಂದೇ ಪೆಟ್ಟಿಗೆಗಾಗಿ ಜಗಳವಾಡಬೇಕಾಗಿಲ್ಲ. ಆಪರೇಷನ್ ನಮ್ಮಿಂದ ಹಣ ಕೇಳುತ್ತದೆ. ಮುಂಜಾಗ್ರತೆ ಹೆಚ್ಚಾಗಿ ಕೇಳುವುದು ನೆನಪು, ಸಮಯ, ಬಿಡದ ಛಲ. ಮೂರು ವಾರಕ್ಕೊಮ್ಮೆ ‘ನಾಳೆ ಇಂಜೆಕ್ಷನ್ ದಿನ’ ಎಂದು ನೆನಪಿಸುವವರು ಬೇಕು. ಕೂಲಿಗೆ ಹೋಗುವ ತಾಯಿಯ ಬದಲು ಮಗುವನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಚಿಕ್ಕಮ್ಮನೊಬ್ಬಳು ಬೇಕು. ಹಣ ಕೊಡುವುದು ಒಂದು ಭಾನುವಾರದ ಕೆಲಸ. ಇದು ಹತ್ತು ವರ್ಷದ ಕೆಲಸ. ನಮಗೆ ಕಷ್ಟವಾಗುವುದು ಇದರ ಖರ್ಚಿಗಿಂತ ಇದರ ಉದ್ದ.

ಗಡಿನಾಡಿನ ನಮಗೆ ಇನ್ನೊಂದು ಹೊಣೆಯೂ ಸೇರಿಕೊಂಡಿದೆ, ಅದು ಭಾಷೆಯದು. 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಆರಂಭಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲೇ. ತಮಿಳಿನಲ್ಲಿ ‘ಮಕ್ಕಳ್’ ಎಂದರೆ ಜನ. ನಮ್ಮ ಅಜ್ಜಿ ಅದನ್ನು ಕೇಳಿ ‘ಇದು ಮಕ್ಕಳಿಗೆ ಬಂದ ಔಷಧಿ, ನನಗಲ್ಲ’ ಎಂದು ಬಾಗಿಲು ಹಾಕಿಕೊಂಡರೆ ತಪ್ಪು ಯಾರದು? ನಗುವಂಥ ಮಾತಾದರೂ ಅದರ ಬೆಲೆ ಒಂದು ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಬಹುದು. ಮಾತ್ರೆಯ ಚೀಟಿ ಇಂಗ್ಲಿಷಿನಲ್ಲಿ, ನರ್ಸಮ್ಮ ಹೇಳುವುದು ತಮಿಳಿನಲ್ಲಿ, ನುಂಗುವವರು ಕನ್ನಡದವರು. ಬೆಳಿಗ್ಗೆಯದು ಯಾವುದು, ರಾತ್ರಿಯದು ಯಾವುದು, ಯಾವುದನ್ನು ನಿಲ್ಲಿಸಬಾರದು ಎಂದು ಕನ್ನಡದಲ್ಲಿ ಬರೆದುಕೊಡಲು ತಮಿಳು ಓದಿದ ನಮ್ಮ ಹುಡುಗ ಹುಡುಗಿಯರಿಗೆ ಹತ್ತು ನಿಮಿಷ ಸಾಕು. ಪಂಚಾಶತ್ತಮ ಹಬ್ಬದ ದಿನ ಎಲ್ಲರೂ ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ಭಾಷೆಯಲ್ಲೇ ಕೇಳಿದರು. ಔಷಧಿಯ ಮಾತನ್ನೂ ಅವರವರ ಭಾಷೆಯಲ್ಲಿ ಕೇಳಿಸುವುದು ಪವಿತ್ರಾತ್ಮರಿಗೆ ಸಲ್ಲುವ ಸೇವೆಯೇ.

ಆದ್ದರಿಂದ ನಮ್ಮ ಕುಟುಂಬ ಕೂಟಗಳ ಮುಂದೆ ಕೆಲವು ಸಣ್ಣ ಕೆಲಸಗಳನ್ನು ಇಡುತ್ತೇನೆ. ಜ್ವರದೊಂದಿಗೆ ಗಂಟಲು ನೋವು ಬಂದ, ಕೀಲು ಊದಿದ ಮಗುವನ್ನು ಕಷಾಯ ಕುಡಿಸಿ ಸುಮ್ಮನಾಗದೆ ಸರ್ಕಾರಿ ಆಸ್ಪತ್ರೆಯಲ್ಲಾದರೂ ತೋರಿಸೋಣ. ಇಂಜೆಕ್ಷನ್ ನಡೆಯುತ್ತಿರುವ ಮಕ್ಕಳು ನಮ್ಮ ವಲಯದಲ್ಲಿದ್ದರೆ, ಹೆತ್ತವರು ಒಪ್ಪಿದರೆ, ಒಬ್ಬರು ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಊರಿಗೆಲ್ಲ ಹೆಸರು ಹೇಳುವುದು ಬೇಡ. ಕವಾಟದ ಆಪರೇಷನ್ ಆದವರನ್ನು ಆರು ತಿಂಗಳಾದ ಮೇಲೂ ‘ರಕ್ತಪರೀಕ್ಷೆ ಆಯಿತೇ ಅಕ್ಕ?’ ಎಂದು ಕೇಳೋಣ. ತಿಂಗಳಿಗೊಂದು ಭಾನುವಾರ ಪೂಜೆಯಾದ ಮೇಲೆ ಬಿ.ಪಿ. ನೋಡುವ ಏರ್ಪಾಡು ಮಾಡಲು ನಮ್ಮಲ್ಲಿರುವ ನರ್ಸುಗಳೇ ಸಾಕು. ಎದೆನೋವು ಬಂದರೆ ಮಾತ್ರ ಭಾನುವಾರಕ್ಕೆ ಕಾಯದೆ ಆ ಕ್ಷಣವೇ 108ಕ್ಕೆ ಕರೆ ಮಾಡಬೇಕು.

ಇವುಗಳಲ್ಲಿ ಯಾವುದಕ್ಕೂ ದೇವಾಲಯದ ಗೋಡೆಯ ಮೇಲೆ ದಾನಿಗಳ ಫಲಕ ಹಾಕುವುದಿಲ್ಲ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಪ್ರಭು ಕಲಿಸಿದರು. ಕಾಯಿಲೆಯನ್ನು ತಡೆಯುವ ದಾನದಲ್ಲಿ ಪಡೆದವರ ಕೈಗೂ ತಿಳಿಯುವುದಿಲ್ಲ. ಆ ಮಗು ದೊಡ್ಡವಳಾಗಿ, ಮದುವೆಯಾಗಿ, ಉಬ್ಬಸವಿಲ್ಲದೆ ಗುಡ್ಡದ ಮೇಲಿನ ಶಿಲುಬೆಯ ಹಾದಿಯನ್ನು ಹತ್ತುತ್ತಾಳೆ. ಯಾರಿಗೆ ಕೃತಜ್ಞತೆ ಹೇಳಬೇಕೆಂದು ಅವಳಿಗೆ ಹೊಳೆಯುವುದೂ ಇಲ್ಲ. ಗುಪ್ತವಾದುದನ್ನು ಕಾಣುವ ತಂದೆಯೊಬ್ಬರಿಗೆ ಮಾತ್ರ ಅದು ಗೊತ್ತಿರುತ್ತದೆ. ಅಷ್ಟು ಸಾಕೆನ್ನುವವರು ನಮ್ಮಲ್ಲಿ ಎಷ್ಟು ಜನ ಇದ್ದೇವೆ ಎಂಬುದೇ ಈಗ ಉಳಿದಿರುವ ಪ್ರಶ್ನೆ.